ಮಗ್ಗದ ಶೆಡ್‌ನಲ್ಲಿ ಕಾರು: ಮುಂಚಕ್ರ ಹಿಡಿಯುವ ಸ್ಟಿಯರಿಂಗ್ ನಕಲ್ ಮನೆಯಲ್ಲೇ ಮಾಡಬಹುದಾ?

ಮಗ್ಗದಮನೆ · ಶಹಾಪುರ, ಬೆಳಗಾವಿ · ಮೇ 11

ನಮ್ಮ ಮನೆ ಹಿಂದೆ ಅಪ್ಪನ ಪವರ್‌ಲೂಮ್ ಶೆಡ್ ಇದೆ. ಮಗ್ಗ ಮಾರಿ ಐದು ವರ್ಷವಾಯಿತು. ನೆಲದಲ್ಲಿ ಅವುಗಳ ಬೋಲ್ಟ್ ಕೂತಿದ್ದ ತೂತುಗಳು ಹಾಗೇ ಇವೆ. ತ್ರೀ ಫೇಸ್ ಕರೆಂಟೂ ಇದೆ. ಖಾಲಿ ಶೆಡ್ ನೋಡಿ ನೋಡಿ ತಲೆಗೆ ಒಂದು ಹುಳ ಹೊಕ್ಕಿತು. ಲೋಟಸ್ ಸೆವೆನ್ ತರಹದ ಎರಡು ಸೀಟಿನ ಕಾರು ಮಾಡಬೇಕು.

ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಕಾರು ಅದು. ಒಳಗೆ ಪೈಪಿನ ಹಂದರ, ಮೇಲೆ ತಗಡು, ಅಷ್ಟೇ. ಬಿಡಿಭಾಗಗಳಾಗಿ ಕೊಂಡರೆ ಆಗ ಅಲ್ಲಿ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಜನ ಸಾಮಾನು ತಂದು ಮನೆಯಲ್ಲೇ ಜೋಡಿಸುತ್ತಿದ್ದರು. ಜೋಡಿಸುವ ಕ್ರಮ ಬರೆದು ಕೊಟ್ಟರೆ ತೆರಿಗೆಯವರು ಹಿಡಿಯುತ್ತಾರೆ ಎಂದು ಬಿಚ್ಚುವ ಕ್ರಮ ಬರೆದು ಕೊಡುತ್ತಿದ್ದರಂತೆ. ಕೊನೆಯಿಂದ ಓದಿಕೊಂಡರಾಯಿತು! 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಕಾರಿನ ಹಕ್ಕು ಕೇಟರ್‌ಹ್ಯಾಮ್‌ನವರ ಕೈಗೆ ಹೋಯಿತು. ಅವರು ಇವತ್ತಿಗೂ ಮಾಡುತ್ತಿದ್ದಾರೆ.

ನನ್ನದಕ್ಕೆ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲಾ ಓಮ್ನಿಯದು. ನಗಬೇಡಿ. 796 ಸಿಸಿ, 35 ಹಾರ್ಸ್‌ಪವರ್ ಆಸುಪಾಸು, ಗೊತ್ತು. ಆದರೆ ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವ ಗಾಡಿ ನಮ್ಮಲ್ಲಿ ಗುಜರಿ ಬೆಲೆಗೆ ಬೇರೆ ಯಾವುದು ಸಿಗುತ್ತೆ? ಜಿಪ್ಸಿ ಇದೆ. ಅದರ ಬೆಲೆ ಕೇಳಿ ಚಹಾ ಕುಡಿದು ವಾಪಸ್ ಬಂದೆ. ಓಮ್ನಿ 28 ಸಾವಿರಕ್ಕೆ ಬಂತು.

ಚಾಸಿ ಮುಗಿದಿದೆ. 25×25 ಚೌಕ ಪೈಪ್, 16 ಗೇಜ್. ಇಲ್ಲೊಂದು ಮಾತು. ಮೊದಲ ಅಂಗಡಿಯವ 16 ಗೇಜ್ ಎಂದು ಕೊಟ್ಟದ್ದಕ್ಕೆ ವರ್ನಿಯರ್ ಹಿಡಿದರೆ 1.4 ಮಿಮೀ. ನಿಜವಾದ 16 ಗೇಜ್ ಅಂದರೆ 1.6. ವರ್ನಿಯರ್ ಇಲ್ಲದಿದ್ದರೆ ತೂಕ ಹಾಕಿಸಿ. 6 ಮೀಟರಿನ ಒಂದು ಪೈಪ್ 7 ಕೆಜಿ ತೂಗಬೇಕು. ಮುಳ್ಳು ಆರರ ಹತ್ತಿರ ನಿಂತರೆ ಅಂಗಡಿ ಬದಲಿಸಿ.

ಈಗ ಸಂಕಟಕ್ಕೆ ಬರುತ್ತೇನೆ. ಓಮ್ನಿಯ ಮುಂದಿನ ಸಸ್ಪೆನ್ಷನ್ ಸ್ಟ್ರಟ್‌ನದು, ಅಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ, ಎತ್ತರಕ್ಕೆ ನಿಲ್ಲುತ್ತೆ. ಸೆವೆನ್ನಿನ ಬಾನೆಟ್ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಸ್ಟ್ರಟ್ ಕೂರುವುದಿಲ್ಲ. ಮೇಲೊಂದು ಕೆಳಗೊಂದು ವಿಶ್‌ಬೋನ್ (ಕವೆಯಾಕಾರದ ತೋಳು) ಹಾಕಬೇಕು, ನಡುವೆ ಚಕ್ರ ಹಿಡಿಯಲು ಬೇರೆ ನಕಲ್ ಬೇಕು. ಅಚ್ಚು ತೆಗೆಯಲು ಮಾವಿನ ಕಟ್ಟಿಗೆಯಲ್ಲಿ ಪ್ಯಾಟರ್ನ್ ಮಾಡಿಸಿದೆ. ಪರಿಚಯದ ಒಂದು ಫೌಂಡ್ರಿಯಲ್ಲಿ ಎರಡು ಪೀಸ್ ಹುಯ್ಯಿಸಿದೆ. ಬೋರಿಂಗ್ ಮಾಡಿಸಿ, ಬೇರಿಂಗ್ ಕೂರಿಸಿ, ಪೇಂಟೂ ಹೊಡೆದೆ. ಕಳೆದ ಭಾನುವಾರ ಗೆಳೆಯರು ಸೇರಿ ಗಾಡಿಯನ್ನು ಶೆಡ್‌ನಿಂದ ಹೊರಗೆ ತಳ್ಳಿದೆವು. ಹೊಸ್ತಿಲಿನಿಂದ ನಾಲ್ಕು ಇಂಚು ಕೆಳಗೆ ಇಳಿಯಿತು. ಟಣ್ ಅಂತ ಸದ್ದು. ಬಲಗಡೆ ನಕಲ್ ಎರಡು ತುಂಡು. ಚಕ್ರ ಅಂಗಳದಲ್ಲಿ ಮಲಗಿತ್ತು.

ಎಂಜಿನ್ ಚಾಲೂ ಇರಲಿಲ್ಲ, ಒಳಗೆ ಯಾರೂ ಕೂತಿರಲಿಲ್ಲ. ಇದೇ ರಸ್ತೆಯಲ್ಲಿ ಆಗಿದ್ದರೆ ಎಂದು ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಏನು ಮಾಡಲಿ? ಮತ್ತೆ ಹುಯ್ಯಿಸಲಾ, ಪ್ಲೇಟ್ ಕತ್ತರಿಸಿ ವೆಲ್ಡ್ ಮಾಡಲಾ?

---

ಕುಂದಾಪ್ರಿಯ · ಟಿಳಕವಾಡಿ · ಮೇ 11

ಅಲ್ರೀ, ಇಷ್ಟು ದುಡ್ಡಿಗೆ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಆಲ್ಟೊ ಬರುತ್ತಿತ್ತು. ಛಾವಣಿ ಸಮೇತ. ಬೆಳಗಾವಿ ಮಳೆಯಲ್ಲಿ ತೆರೆದ ಕಾರು ಯಾಕೆ?

---

ಮಗ್ಗದಮನೆ · ಮೇ 11

ಅಪ್ಪನೂ ಇದನ್ನೇ ಕೇಳುತ್ತಾರೆ. ಉತ್ತರ ಇಬ್ಬರಿಗೂ ಇಲ್ಲ.

---

ಲೇತ್‌ಕಾಕಾ · ಉದ್ಯಮಬಾಗ · ಮೇ 12

ತಮ್ಮಾ, ಮುರಿದ ಜಾಗದ ಫೋಟೊ ಹಾಕು. ಹತ್ತಿರದಿಂದ. ಬಣ್ಣ ಹೇಗಿದೆ ಹೇಳು.

---

ಮಗ್ಗದಮನೆ · ಮೇ 12

ಫೋಟೊ ಹಾಕಿದ್ದೇನೆ ಕಾಕಾ. ಕಪ್ಪು ಬೂದಿ ಬಣ್ಣ, ಕಲ್ಲುಸಕ್ಕರೆ ಒಡೆದಂತೆ ಕಾಳು ಕಾಳು. ಎಲ್ಲೂ ಬಾಗಿಲ್ಲ. ಎರಡು ತುಂಡು ಜೋಡಿಸಿದರೆ ಗೆರೆಯೂ ಕಾಣದಷ್ಟು ಸರಿಯಾಗಿ ಕೂರುತ್ತೆ.

---

ಲೇತ್‌ಕಾಕಾ · ಮೇ 12

ಆಯಿತು, ಗೊತ್ತಾಯಿತು. ಅದು ಗ್ರೇ ಕಾಸ್ಟಿಂಗ್, ಮಾಮೂಲಿ ಎರಕದ ಕಬ್ಬಿಣ. ಬಾಗದೆ ಮುರಿದಿದೆ, ಅದರ ಸ್ವಭಾವವೇ ಅದು. ಫೌಂಡ್ರಿಯವರನ್ನು ಬೈಯಬೇಡ. ನೀನು ಗ್ರೇಡ್ ಹೇಳಿರಲಿಲ್ಲ ಅಲ್ವಾ? ಅವರು ದಿನಾ ಹುಯ್ಯುವುದನ್ನೇ ನಿನಗೂ ಹುಯ್ದು ಕೊಟ್ಟರು.

ಉದ್ಯಮಬಾಗದಲ್ಲಿ ಮೂವತ್ತೆರಡು ವರ್ಷ ಲೇತ್ ಮುಂದೆ ನಿಂತವನು ನಾನು. ಫೌಂಡ್ರಿಯ ಮಾಲು ಇಳಿಸುವಾಗಲೇ ಸದ್ದು ಕೇಳಿ ಬೇರೆ ಮಾಡುತ್ತಿದ್ದೆವು. ಪೀಸನ್ನು ದಾರದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಲ್ಲಿ ತಟ್ಟು. ಎಸ್‌ಜಿ (ದುಂಡು ಗ್ರಾಫೈಟಿನ ಎರಕದ ಕಬ್ಬಿಣ) ಆದರೆ ಗುಡಿಯ ಗಂಟೆಯಂತೆ ಅನುರಣಿಸುತ್ತೆ. ಗ್ರೇ ಆದರೆ ಡಬ್ ಅಂದು ಸುಮ್ಮನಾಗುತ್ತೆ. ನಿನ್ನ ಎಡಗಡೆ ಪೀಸ್ ಇನ್ನೂ ಇಡಿಯಾಗಿ ಇದೆಯಲ್ಲ, ತಟ್ಟಿ ನೋಡು.

ಕಾರಣ ಸರಳ. ಎರಡರಲ್ಲೂ ಕಬ್ಬಿಣವೇ, ಎರಡರಲ್ಲೂ ಗ್ರಾಫೈಟ್ ಇದೆ. ಗ್ರೇ ಕಾಸ್ಟಿಂಗಿನಲ್ಲಿ ಗ್ರಾಫೈಟ್ ಅವಲಕ್ಕಿಯಂತೆ ಚಪ್ಪಟೆ. ಪ್ರತಿ ಅವಲಕ್ಕಿಯ ತುದಿಯೂ ಹುಟ್ಟಿನಿಂದಲೇ ಒಂದು ಬಿರುಕು. ಎಸ್‌ಜಿಯಲ್ಲಿ ಮೆಗ್ನೀಸಿಯಂ ಕೊಟ್ಟು ಅದನ್ನು ಸಾಬುದಾಣಿಯಂತೆ ದುಂಡಗೆ ಮಾಡಿರುತ್ತಾರೆ. ಬಿರುಕು ಓಡಲು ದಾರಿ ಸಿಗುವುದಿಲ್ಲ. ಎಸ್‌ಜಿ 400/15 ಅಂದರೆ ಮುರಿಯುವ ಮುಂಚೆ ನೂರಕ್ಕೆ ಹದಿನೈದು ಭಾಗ ಎಳೆದುಕೊಳ್ಳಬೇಕು. ಗ್ರೇ ಒಂದು ಭಾಗವೂ ಎಳೆದುಕೊಳ್ಳುವುದಿಲ್ಲ. ಅದು ಮಷೀನ್ ಬೆಡ್‌ಗೆ, ಮೋಟಾರಿನ ಹೊರಕವಚಕ್ಕೆ ಚಿನ್ನದಂಥ ಮಾಲು. ಚಕ್ರ ಹಿಡಿಯಲಿಕ್ಕಲ್ಲ.

ಇನ್ನೊಂದು, ನಿನ್ನದೇ ತಪ್ಪು. ಫೋಟೊದಲ್ಲಿ ಸ್ಟಿಯರಿಂಗ್ ಆರ್ಮ್ ಸೇರುವ ಒಳಮೂಲೆ ಚಾಕುವಿನಲ್ಲಿ ಕೊಯ್ದಂತೆ ಚೂಪಾಗಿದೆ. ಮುರಿದದ್ದೂ ಅಲ್ಲಿಂದಲೇ. ಹಳೆಯ ಪ್ಯಾಟರ್ನ್ ಬಡಿಗೇರರು ಅಂಥ ಮೂಲೆಗೆ ಚರ್ಮದ ಪಟ್ಟಿ ಅಂಟಿಸಿ ದುಂಡು ಮಾಡುತ್ತಿದ್ದರು. ಈಗ ಪುಟ್ಟಿ ತುಂಬುತ್ತಾರೆ. ಬಾಗಿಲು ಮಾಡುವ ಬಡಿಗೇರನಿಗೆ ಅದು ಗೊತ್ತಿರಲಿಕ್ಕಿಲ್ಲ.

---

ಮಗ್ಗದಮನೆ · ಮೇ 12

ತಟ್ಟಿದೆ. ಡಬ್.

ಹಾಗಾದರೆ ಎಸ್‌ಜಿಯಲ್ಲಿ ಮತ್ತೆ ಹುಯ್ಯಿಸಿದರೆ ಆಯಿತಲ್ಲ ಕಾಕಾ?

---

ಲೇತ್‌ಕಾಕಾ · ಮೇ 13

ಆಗುತ್ತೆ. ಆದರೆ ಕೇಳು. ಮೆಗ್ನೀಸಿಯಂ ಕೊಟ್ಟ ಮೇಲೆ ಹತ್ತು ನಿಮಿಷದೊಳಗೆ ಲೋಹ ಅಚ್ಚಿಗೆ ಇಳಿಯಬೇಕು. ತಡವಾದರೆ ಸಾಬುದಾಣಿ ಮತ್ತೆ ಅವಲಕ್ಕಿ ಆಗತೊಡಗುತ್ತೆ. ನಿನ್ನ ಎರಡು ಪೀಸಿಗೋಸ್ಕರ ಯಾರೂ ಒಂದು ಲ್ಯಾಡಲ್ (ಕರಗಿದ ಲೋಹ ಹುಯ್ಯುವ ಪಾತ್ರೆ) ತಯಾರು ಮಾಡುವುದಿಲ್ಲ. ಅವರು ಎಸ್‌ಜಿ ಕರಗಿಸುವ ದಿನ ನಿನ್ನ ಅಚ್ಚು ಸಾಲಿನಲ್ಲಿ ಸೇರಬೇಕು. ಗೆಳೆತನದ ಕೆಲಸ ಎಂದು ಎಲ್ಲಿ ಸೇರಿಸುತ್ತಾರೆ? ಕೊನೆಗೆ. ಕೊನೆಯ ಅಚ್ಚಿಗೆ ಬರುವುದು ತಣ್ಣಗಾದ, ಗುಣ ಇಳಿದ ಲೋಹ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ಒಳಗೆ ಗಾಳಿಗುಳ್ಳೆ ಇದ್ದರೂ ಗೊತ್ತಾಗದು. ಕಂಪನಿಯವರು ಇಂಥ ಪೀಸ್ ಸಾವಿರಗಟ್ಟಲೆ ಮಾಡುತ್ತಾರೆ, ನಡುನಡುವೆ ಒಂದನ್ನು ಕೊಯ್ದು ನೋಡುತ್ತಾರೆ. ನಿನ್ನ ಹತ್ತಿರ ಇರುವುದೇ ಎರಡು, ಯಾವುದನ್ನು ಕೊಯ್ಯುತ್ತೀ?

ನನ್ನ ಮಾತು ಕೇಳಿದರೆ ನಕಲ್ ಮಾಡಲೇ ಬೇಡ. ಓಮ್ನಿಯ ನಕಲ್ ಇದೆಯಲ್ಲ, 785 ಕೆಜಿ ಗಾಡಿ ಹೊತ್ತದ್ದು. ಮೇಲೆ ಎಂಟು ಜನ, ನಾಲ್ಕು ಚೀಲ ಜೋಳ. ನಿನ್ನ ಕಾರು ಅದರ ಮುಂದೆ ಹೂವು. ಸ್ಟ್ರಟ್ ಕೂರುತ್ತಿದ್ದ ಜಾಗಕ್ಕೆ ಹೊಂದುವ ಒಂದು ಅಡಾಪ್ಟರ್ ಟರ್ನಿಂಗ್ ಮಾಡು, ಅದರ ತಲೆಯಲ್ಲಿ ಮೇಲಿನ ಬಾಲ್ ಜಾಯಿಂಟ್ (ಎಲ್ಲ ಕಡೆ ತಿರುಗುವ ಗುಂಡು ಕೀಲು) ಕೂರಿಸು. ಇಎನ್8 ಉಕ್ಕಿನ ರೌಂಡ್ ಬಾರ್ ಸಾಕು. ಮಾಡಬೇಕಾದ ಪಾರ್ಟ್ ಮುಷ್ಟಿಯಷ್ಟು.

---

ಘಟಪ್ರಭಾ · ಬಾಗಲಕೋಟೆ · ಮೇ 13

ಕಾಕಾ ಹೇಳಿದ್ದು ಸರಿ. ಕಾಲೇಜಿನಲ್ಲಿ ನಾನು ಬಾಹಾ ಎಸ್‌ಎಇ (ವಿದ್ಯಾರ್ಥಿಗಳು ಗಾಡಿ ಕಟ್ಟಿ ಓಡಿಸುವ ಸ್ಪರ್ಧೆ) ತಂಡದಲ್ಲಿ ಎರಡು ವರ್ಷ ಇದ್ದೆ. ನಾವು 6 ಮಿಮೀ ಪ್ಲೇಟ್ ಕತ್ತರಿಸಿ ಪೆಟ್ಟಿಗೆಯಂತೆ ವೆಲ್ಡ್ ಮಾಡಿದ ನಕಲ್ ಹಾಕಿದ್ದೆವು. ಮುರಿಯಲಿಲ್ಲ, ಆದರೆ ವೆಲ್ಡ್ ಬಿಸಿಗೆ ಬೇರಿಂಗ್ ಬೋರ್ ಮೊಟ್ಟೆಯಾಕಾರ ಆಯಿತು. ಮತ್ತೆ ಬೋರಿಂಗ್ ಹಾಕಿಸಬೇಕಾಯಿತು. ಪ್ಲೇಟಿನ ದಾರಿ ಹಿಡಿಯುವುದಾದರೆ ನೆನಪಿಡಿ ಅಣ್ಣಾ, ಮೊದಲು ವೆಲ್ಡಿಂಗ್ ಎಲ್ಲಾ ಮುಗಿಸಿ, ಬೋರಿಂಗ್ ಕೊನೆಗೆ.

ವೆಲ್ಡಿಂಗ್ ಬಗ್ಗೆ ಒಂದು ಪ್ರಶ್ನೆ. ನಿಮ್ಮ ಚಾಸಿ ಫೋಟೊದಲ್ಲಿ ಬೀಡ್ (ವೆಲ್ಡಿನ ಗೆರೆ) ಚಂದ ಇದೆ. ಕೊಯ್ದು ನೋಡಿದ್ದೀರಾ? ನಮ್ಮ ಮೊದಲ ವೆಲ್ಡ್ ನಾಣ್ಯ ಜೋಡಿಸಿಟ್ಟಂತೆ ಇತ್ತು. ಸರ್ ಒಂದು ತುಂಡನ್ನು ವೈಸ್‌ಗೆ ಕಚ್ಚಿಸಿ ಸುತ್ತಿಗೆಯಲ್ಲಿ ಒಂದೇ ಏಟು ಹೊಡೆದರು. ಬೀಡ್ ಇಡಿಯಾಗಿ ಎದ್ದು ಬಂತು, ಸಿಪ್ಪೆ ಸುಲಿದಂತೆ. ಲೋಹದೊಳಗೆ ಇಳಿದೇ ಇರಲಿಲ್ಲ.

ಆಮೇಲೆ ತಲೆ ಹಿಂದಿನ ರೋಲ್ ಬಾರ್, ಗಾಡಿ ಮಗುಚಿದರೆ ತಲೆ ಕಾಯುವುದು, ಯಾವ ಪೈಪು? ಅದನ್ನೂ 16 ಗೇಜ್ ಚೌಕ ಪೈಪಿನಲ್ಲೇ ಮಾಡಿದ್ದೀರಿ ಅಂತ ಅನುಮಾನ. ಬಾಹಾ ನಿಯಮದಲ್ಲಿ ಮುಖ್ಯ ಪಂಜರಕ್ಕೆ 25 ಮಿಮೀ ದುಂಡು ಪೈಪು, ಗೋಡೆ 3 ಮಿಮೀ, ಉಕ್ಕಿನಲ್ಲಿ ಕಾರ್ಬನ್ ಕನಿಷ್ಠ 0.18 ಶೇಕಡಾ. ಅಥವಾ ಅಷ್ಟೇ ಗಟ್ಟಿಯ ಬೇರೆ ಪೈಪು. ನಿಮ್ಮದು ಅದರ ಅರ್ಧ ದಪ್ಪ. ಗ್ರಿಲ್ ಮಾಡುವವರ ಪೈಪು ತಲೆಗೆ ಬೇಡ.

---

ಮಗ್ಗದಮನೆ · ಮೇ 14

ಅನುಮಾನ ನಿಜ ಅಕ್ಕಾ. ರೋಲ್ ಬಾರ್ ಬಿಚ್ಚುತ್ತೇನೆ.

ವೆಲ್ಡ್ ಕೊಯ್ದು ನೋಡಿದ್ದೆ. ಮೊದಲ ತಿಂಗಳದ್ದು ಎಲ್ಲಾ ಸಿಪ್ಪೆಯೇ. ಸಂಜೆ ಹೊತ್ತು ಕೆಲಸಕ್ಕೆ ಕೂರುತ್ತಿದ್ದೆ, ಆಗ ಮನೆಯ ಸಿಂಗಲ್ ಫೇಸ್‌ನಲ್ಲಿ ವೋಲ್ಟೇಜ್ ಬಿದ್ದು ಆರ್ಕ್ ಕೆಮ್ಮುತ್ತಿತ್ತು. ಶೆಡ್‌ನ ತ್ರೀ ಫೇಸ್‌ಗೆ ಮಿಗ್ ವೆಲ್ಡಿಂಗ್ ಮಷೀನ್ ಬಾಡಿಗೆಗೆ ತಂದ ಮೇಲೆ ಸರಿಯಾಯಿತು. 0.8 ಮಿಮೀ ವೈರು.

ಇನ್ನೊಂದು ಪಾಠ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಚಾಸಿಯ ತಳವನ್ನು ಹಳೆಯ ಬಾಗಿಲೊಂದರ ಮೇಲೆ ಮೊಳೆ ಹೊಡೆದು ಜೋಡಿಸಿದ್ದೆ. ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡ್) ಹಾಕಿದಾಗ ಎರಡು ಕರ್ಣಗಳ ನಡುವೆ ವ್ಯತ್ಯಾಸ 1 ಮಿಮೀ ಇತ್ತು. ಖುಷಿಯಲ್ಲಿ ಎಡಮೂಲೆಯಿಂದ ಹಿಡಿದು ಸಾಲಾಗಿ ಫುಲ್ ವೆಲ್ಡ್ ಮಾಡುತ್ತಾ ಹೋದೆ. ತಣ್ಣಗಾದ ಮೇಲೆ ಅಳತೆ ಹಾಕಿದರೆ 11 ಮಿಮೀ. ಪಾಪಡ್ ಎಣ್ಣೆಗೆ ಬಿದ್ದಂತೆ ತಿರುಚಿಕೊಂಡಿತ್ತು. ಎರಡನೇ ಸಲ ಮೂಲೆಯಿಂದ ಎದುರು ಮೂಲೆಗೆ ಹಾರುತ್ತಾ, ಒಂದೊಂದು ಇಂಚು ಹಾಕುತ್ತಾ ಹೋದೆ. 2 ಮಿಮೀಗೆ ನಿಂತಿತು.

---

ಕ್ಲಚ್‌ಪ್ಲೇಟ್ · ಗೋಕಾಕ · ಮೇ 14

ಜಿಐ ಪೈಪ್ ಹಾಕಿದ್ದರೆ ತುಕ್ಕಿನ ಚಿಂತೆ ಇರಲಿಲ್ಲ ಅಲ್ವಾ ಅಣ್ಣಾ? ನಾನೂ ಒಂದು ಬಗ್ಗಿ ಮಾಡಬೇಕು ಅಂತಿದ್ದೇನೆ.

---

ಲೇತ್‌ಕಾಕಾ · ಮೇ 14

ಬೇಡವೇ ಬೇಡ. ಜಿಐ ಮೇಲಿರುವುದು ಜಿಂಕ್. ಆರ್ಕ್ ಬಿದ್ದರೆ ಬಿಳಿ ಹೊಗೆ. ಅದನ್ನು ಕುಡಿದರೆ ರಾತ್ರಿ ಚಳಿಜ್ವರ ಬಂದು ಹಲ್ಲು ಕಟಕಟ ಅನ್ನುತ್ತೆ. ಹಾಲು ಕುಡಿದರೆ ಸರಿಹೋಗುತ್ತೆ ಅಂತ ನಾವೆಲ್ಲಾ ನಂಬಿದ್ದೆವು. ಹಾಲು ಹೊಟ್ಟೆಗೆ ಹೋಗುತ್ತೆ, ಹೊಗೆ ಹೋಗಿದ್ದು ಶ್ವಾಸಕ್ಕೆ.

---

ಕೆಎ28 · ವಿಜಯಪುರ · ಮೇ 16

ಹಬ್ಬದ ಮನೆಯಲ್ಲಿ ಅಪಶಕುನದ ಮಾತು ಅನ್ನಬೇಡಿ. ಆದರೆ ಯಾರೂ ಕೇಳುತ್ತಿಲ್ಲವಲ್ಲ, ಇದನ್ನು ಎಲ್ಲಿ ಓಡಿಸುತ್ತೀರಿ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 39 ಪ್ರಕಾರ ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ಹೊಸ ಮಾದರಿಯ ಗಾಡಿಗೆ ನೋಂದಣಿ ಬೇಕೆಂದರೆ ಕೇಂದ್ರ ನಿಯಮ 126ರ ಪ್ರಕಾರ ಪುಣೆಯ ಎಆರ್‌ಎಐ ತರಹದ ಸಂಸ್ಥೆಯಲ್ಲಿ ಪರೀಕ್ಷೆ ಪಾಸಾಗಬೇಕು. ಅದು ಕಂಪನಿಗಳಿಗೆ ಆಗುವ ಮಾತು. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬೇರೆ ಬಂದಿದೆ, ನಿಮ್ಮ ಹಳೆಯ ಓಮ್ನಿ ಎಂಜಿನ್ ಅಲ್ಲಿ ನಿಲ್ಲುವುದೇ ಇಲ್ಲ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷಿಸಿ ನಂಬರ್ ಕೊಡುವ ಪದ್ಧತಿ ಇದೆ, 1998ರಿಂದ ಎಸ್‌ವಿಎ, 2009ರಿಂದ ಐವಿಎ. ಅದಕ್ಕೇ ಅಲ್ಲಿ ಕಿಟ್ ಕಾರು ಬದುಕಿದೆ. ನಮ್ಮಲ್ಲಿ ಅಂಥ ಸಣ್ಣ ಬಾಗಿಲು ಇಲ್ಲ.

ಓಮ್ನಿಯ ಆರ್‌ಸಿ ಇಟ್ಟುಕೊಂಡು ಅದೇ ನಂಬರ್ ಹಾಕಿಬಿಡೋಣ ಅನ್ನುವ ಐಡಿಯಾ ಎಲ್ಲರಿಗೂ ಬರುತ್ತೆ. ಬೇಡ. ಸೆಕ್ಷನ್ 52 ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಇದನ್ನು.

ಇನ್ನೊಂದು, ಓಮ್ನಿ ಬಿಚ್ಚಿ ಹಾಕಿದ್ದೀರಿ. ಗಾಡಿ ನಾಶವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕು, ಸೆಕ್ಷನ್ 55. ಮಾಡಿದ್ದೀರಾ? ಇಲ್ಲದಿದ್ದರೆ ಆ ನಂಬರಿನಲ್ಲಿ ಯಾರು ಏನು ಮಾಡಿದರೂ ನೋಟಿಸ್ ನಿಮ್ಮ ಮನೆಗೆ.

---

ಕುಂದಾಪ್ರಿಯ · ಮೇ 16

ನಮ್ಮ ಪಕ್ಕದ ಸಾಂಗಲಿ ಜಿಲ್ಲೆಯ ಕತೆ ನೆನಪಿದೆಯಾ? ಹಳ್ಳಿಯ ಕಮ್ಮಾರರೊಬ್ಬರು ಗುಜರಿ ಸಾಮಾನಿನಲ್ಲಿ ಜೀಪು ಮಾಡಿದ್ದರು, ಬೈಕಿನಂತೆ ಕಿಕ್ ಹೊಡೆದು ಚಾಲೂ ಮಾಡುವುದು. 2021ರ ಡಿಸೆಂಬರಿನಲ್ಲಿ ವೀಡಿಯೊ ಎಲ್ಲೆಡೆ ಓಡಾಡಿತು. ಆನಂದ್ ಮಹೀಂದ್ರಾ ನೋಡಿ ಹೊಗಳಿದರು, ನಿಯಮಕ್ಕೆ ಹೊಂದದ ಗಾಡಿ ಅಂತಲೂ ಹೇಳಿದರು, ಬದಲಿಗೆ ಬೊಲೆರೊ ಕೊಡುತ್ತೇನೆ ಅಂದರು. ಮುಂದಿನ ತಿಂಗಳು ಕೊಟ್ಟೇಬಿಟ್ಟರು.

ನೀವೂ ವೀಡಿಯೊ ಹಾಕಿ. ಬೊಲೆರೊ ಬಂದರೆ ಅದಕ್ಕೆ ಛಾವಣಿ ಇರುತ್ತೆ.

---

ಮಗ್ಗದಮನೆ · ಮೇ 17

ಕೆಎ28 ಸರ್, ಆರ್‌ಸಿ ರದ್ದು ಮಾಡಿಸಿರಲಿಲ್ಲ. ಸೋಮವಾರ ಮೊದಲ ಕೆಲಸ ಅದೇ.

ರಸ್ತೆಗೆ ಇಳಿಸುವ ಆಸೆ ಮೊದಲು ಇತ್ತು, ಸುಳ್ಳು ಹೇಳುವುದಿಲ್ಲ. ಗೋಗಟೆ ಸರ್ಕಲ್‌ನಲ್ಲಿ ಒಂದು ಸುತ್ತು, ಜನ ತಿರುಗಿ ನೋಡಬೇಕು, ಅಷ್ಟೇ. ಹೊಸ್ತಿಲ ಹತ್ತಿರ ನಕಲ್ ಮುರಿದ ದಿನ ಆ ಆಸೆ ಅರ್ಧ ಹೋಯಿತು. ಖಾನಾಪುರದ ಕಡೆ ಮಾವನ ಹೊಲವಿದೆ, ಸುತ್ತ ಬೇಲಿ. ಭತ್ತ ಕಟಾವಾದ ಮೇಲೆ ನಾಲ್ಕು ತಿಂಗಳು ಖಾಲಿ ಬಿದ್ದಿರುತ್ತೆ. ಅಲ್ಲಿಗೆ ಟೆಂಪೊದಲ್ಲಿ ಹಾಕಿಕೊಂಡು ಹೋಗುವುದು. ಮಾವನಿಗೆ ಇನ್ನೂ ಹೇಳಿಲ್ಲ.

---

ಚಿತ್ರರಥ · ವಡಗಾವಿ · ಮೇ 19

ಮುಂದಿನ ಮೂತಿ ಹೇಗೆ ಮಾಡುತ್ತೀರಿ ಅಣ್ಣಾ? ತಗಡು ಆ ರೀತಿ ಎರಡು ಕಡೆಗೂ ಬಾಗುವುದಿಲ್ಲ. ನಾವು ಶಿವಜಯಂತಿ ಮೆರವಣಿಗೆಗೆ ಚಿತ್ರರಥ ಮಾಡುವವರು, ಫೈಬರ್ ಕೆಲಸ ಗೊತ್ತು. ಮೊದಲು ಥರ್ಮಾಕೋಲ್ ಕೊರೆದು, ಪಿಒಪಿ ಬಳಿದು, ಉಜ್ಜಿ ಆಕಾರ ತನ್ನಿ. ಮೇಣ ಹಚ್ಚಿ ಅದರಿಂದ ಅಚ್ಚು ತೆಗೆಯಿರಿ. ಉಜ್ಜುವುದರಲ್ಲಿ ಅವಸರ ಬೇಡ. ಅಚ್ಚಿನಲ್ಲಿ ಒಂದು ಗೀರಿದ್ದರೆ ಬಾನೆಟ್ ಮೇಲೂ ಅದೇ ಗೀರು.

ಒಂದು ಎಚ್ಚರಿಕೆ. ರೆಸಿನ್‌ಗೆ ಎರಡು ದ್ರವ ಹಾಕುತ್ತೇವೆ, ನೇರಳೆ ಬಣ್ಣದ ಕೋಬಾಲ್ಟ್, ನೀರಿನಂತಿರುವ ಹಾರ್ಡನರ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬೇಡಿ, ಸಿಡಿಯುತ್ತೆ. ಮೊದಲು ಕೋಬಾಲ್ಟ್ ರೆಸಿನ್ನಿಗೆ ಹಾಕಿ ಚೆನ್ನಾಗಿ ತಿರುಗಿಸಿ, ಆಮೇಲೆ ಹಾರ್ಡನರ್. ಚಮಚವೂ ಬೇರೆ ಬೇರೆ. ಜೂನ್ ಒಳಗೆ ಮುಗಿಸಿ, ನಮ್ಮ ಜುಲೈ ಮಳೆಯಲ್ಲಿ ರೆಸಿನ್ ಅಂಟಂಟಾಗಿಯೇ ಉಳಿಯುತ್ತೆ.

---

ಮಗ್ಗದಮನೆ · ಜೂನ್ 8

ಮೂರು ವಾರದ ಸುದ್ದಿ.

ಆರ್‌ಸಿ ಅರ್ಜಿ ಕೊಟ್ಟೆ. ಹೊಸ ರೋಲ್ ಬಾರ್ ಹಾಕಿದೆ, ದುಂಡು ಪೈಪು, 3 ಮಿಮೀ. ಓಮ್ನಿ ನಕಲ್ ತೊಳೆದು ಸ್ಟ್ಯಾಂಡ್ ಮೇಲೆ ಕೂರಿಸಿದೆ. ಅಡಾಪ್ಟರ್ ಬರುವವರೆಗೆ ಮರದ ಡಮ್ಮಿ ಹಾಕಿ ಸ್ಟಿಯರಿಂಗ್ ನೋಡೋಣ ಅಂದುಕೊಂಡೆ.

ಘಟಪ್ರಭಾ ಅಕ್ಕ ಮೆಸೇಜ್‌ನಲ್ಲಿ ಹೇಳಿಕೊಟ್ಟ ಲೇಸರ್ ಉಪಾಯ ಮಾಡಿದೆ. ಸ್ಪ್ರಿಂಗ್ ಬಿಚ್ಚಿಟ್ಟು, ಚಕ್ರ ಕೂರುವ ಹಬ್‌ಗೆ ಹತ್ತು ರೂಪಾಯಿ ಅಂಗಡಿಯ ಲೇಸರ್ ಕಟ್ಟಿದೆ. ಮೂರು ಮೀಟರ್ ದೂರದ ಗೋಡೆಗೆ ಕಾಗದ ಅಂಟಿಸಿದೆ. ಸ್ಟಿಯರಿಂಗ್ ಹಗ್ಗದಿಂದ ಬಿಗಿದೆ. ಜ್ಯಾಕಿನಿಂದ ಹಬ್ ನಿಧಾನಕ್ಕೆ ಎತ್ತಿದರೆ ಕೆಂಪು ಚುಕ್ಕಿ ನೇರ ಮೇಲೆ ಹೋಗಬೇಕು. ನನ್ನದು ಮೇಲೆ ಹೋಗುತ್ತಾ ಎಡಕ್ಕೆ ಜಾರಿತು, 60 ಮಿಮೀ ಎತ್ತುವಷ್ಟರಲ್ಲಿ 40 ಮಿಮೀ ಪಕ್ಕಕ್ಕೆ. ಅಂದರೆ ಗುಂಡಿ ಸಿಕ್ಕಾಗಲೆಲ್ಲ ಚಕ್ರ ತಾನಾಗಿಯೇ ತಿರುಗುತ್ತೆ, ನಾನು ಸ್ಟಿಯರಿಂಗ್ ಮುಟ್ಟದೆ!

ಸ್ಟಿಯರಿಂಗ್ ರ‍್ಯಾಕ್ ಕೆಳಗೆ ಪ್ಯಾಕಿಂಗ್ ಪಟ್ಟಿ ಇಟ್ಟು ಏರಿಸುತ್ತಾ ಹೋದೆ. 5 ಮಿಮೀಗೆ ಚುಕ್ಕಿ 26 ಜಾರಿತು. 12ಕ್ಕೆ 9. 15ಕ್ಕೆ ಇಟ್ಟರೆ ಆಚೆ ಕಡೆಗೆ ಜಾರತೊಡಗಿತು. ಸದ್ಯಕ್ಕೆ 13ಕ್ಕೆ ನಿಲ್ಲಿಸಿದ್ದೇನೆ. ಕಾಗದದ ಮೇಲಿನ ಗೆರೆಗಳನ್ನು ನೋಡಿ ಅಪ್ಪ ಕೇಳಿದರು, ಇದೇನು ಸೀರೆ ಅಂಚಿನ ಡಿಸೈನಾ ಅಂತ. ಆಮೇಲೆ ಒಂದು ತಾಸು ಜ್ಯಾಕ್ ಒತ್ತಿದ್ದು ಅವರೇ.

---

ಘಟಪ್ರಭಾ · ಜೂನ್ 8

ಚಂದ ಬಂದಿದೆ. ಮರದ ಡಮ್ಮಿ ಬಿಚ್ಚಿ ನಿಜವಾದ ಅಡಾಪ್ಟರ್ ಹಾಕಿದ ಮೇಲೆ ಪೂರ್ತಿ ಮತ್ತೊಮ್ಮೆ ಮಾಡಿ. ಬಾಲ್ ಜಾಯಿಂಟ್ 2 ಮಿಮೀ ಮೇಲೆ ಕೆಳಗೆ ಆದರೂ ಲೆಕ್ಕ ಬದಲಾಗುತ್ತೆ. ಎಡಗಡೆಯದನ್ನೂ ಬೇರೆಯಾಗಿ ಅಳೆಯಿರಿ, ಬಲಗಡೆಯಂತೆಯೇ ಇರುತ್ತೆ ಅಂತ ಬಿಡಬೇಡಿ.

---

ಮಗ್ಗದಮನೆ · ಜೂನ್ 22

ಅಡಾಪ್ಟರ್ ಬಂತು. ಕಾಕಾ ತಮ್ಮ ಹಳೆಯ ಲೇತ್‌ನಲ್ಲಿ ಮಾಡಿಕೊಟ್ಟರು, ದುಡ್ಡು ಬೇಡ ಅಂದರು, ಅರ್ಧ ಕೆಜಿ ಕುಂದಾ ತಗೊಂಡರು. ಬಾಲ್ ಜಾಯಿಂಟ್ ಕೂರುವ ಟೇಪರ್ (ಒಳಗೆ ಕಿರಿದಾಗುವ) ತೂತಿಗೆ ಮಾತ್ರ ರೀಮರ್ (ತೂತು ಕೆರೆದು ಅಳತೆಗೆ ತರುವ ಹತಾರ) ನಾನೇ ಹಿಡಿಯಬೇಕು ಅಂದರು. ಎರಡೂ ಕಡೆ ಕೈಯಲ್ಲೇ ತಿರುಗಿಸಿದೆ. ಹೇಳಿದಂತೆ ಬಾಲ್ ಜಾಯಿಂಟಿನ ಟೇಪರ್‌ಗೆ ತೆಳ್ಳಗೆ ಪ್ರಷಿಯನ್ ಬ್ಲೂ (ಎಲ್ಲಿ ತಾಗುತ್ತೆ ಎಂದು ತೋರಿಸುವ ನೀಲಿ ಬಣ್ಣ) ಹಚ್ಚಿ, ತೂತಿಗೆ ಒತ್ತಿ, ಕಾಲು ಸುತ್ತು ತಿರುಗಿಸಿ ತೆಗೆದೆ. ಫೋಟೊ ಹಾಕಿದ್ದೇನೆ. ನೀಲಿ ಚೆನ್ನಾಗಿ ಹತ್ತಿದೆ ಅಲ್ವಾ? ನಟ್ ಬಿಗಿದು ಸ್ಪ್ಲಿಟ್ ಪಿನ್ ಕೂಡ ಹಾಕಿಬಿಟ್ಟೆ.

---

ಲೇತ್‌ಕಾಕಾ · ಜೂನ್ 22

ಎಡಗಡೆಯದು ಸರಿ. ಬಲಗಡೆ ಫೋಟೊ ದೊಡ್ಡದು ಮಾಡಿ ನೋಡು. ಮೇಲೆ ಉಂಗುರದಂತೆ ಹತ್ತಿದೆ, ಕೆಳಗಿನ ಅರ್ಧ ಬಿಳಿ. ಜಾಯಿಂಟ್ ಬಾಯಿಯಲ್ಲಿ ಮಾತ್ರ ಕಚ್ಚಿದೆ, ಒಳಗೆ ಅಲುಗಾಡುತ್ತೆ. ನೂರು ಗುಂಡಿ ಹಾರಿದ ಮೇಲೆ ಆ ಉಂಗುರದ ಹತ್ತಿರವೇ ಮುರಿಯುತ್ತೆ.

ಪಿನ್ ತೆಗಿ. ಬಿಚ್ಚು.

---

ಮಗ್ಗದಮನೆ · ಜೂನ್ 22

ಬಿಚ್ಚಿದೆ ಕಾಕಾ. ನಾಳೆ ಸಂಜೆ ಮನೆಯಲ್ಲಿ ಇರುತ್ತೀರಾ? ರೀಮರ್ ತಗೊಂಡು ಬರುತ್ತೇನೆ.